ಮೂರು ಸ್ವರದ ಹಾರ್ನ್

ಕೇಳುಗರಿಗೆ ನಮಸ್ಕಾರ.

ಆಗುಂಬೆ ಘಾಟಿಯಲ್ಲಿ ಕಾರು ಓಡಿಸಿದವರಿಗೆ ಗೊತ್ತು. ತಿರುವು ಬಂತು ಅಂದರೆ ಕೈ ತಾನಾಗಿ ಹಾರ್ನ್ ಮೇಲೆ ಹೋಗುತ್ತದೆ. ಸ್ವಿಟ್ಜರ್ಲೆಂಡಿನಲ್ಲಿ ಬಾಡಿಗೆ ಕಾರು ತೆಗೆದುಕೊಂಡಾಗ ಆ ಕೈಯನ್ನು ಸುಮ್ನೆ ಕೂರಿಸುವುದೇ ನನಗೆ ಕಷ್ಟವಾಯಿತು. ಅಲ್ಲಿ ಎದುರು ಕಾಣದ ತಿರುವಿನಲ್ಲಿ ಹಾರ್ನ್ ಮಾಡಬಹುದು. ಆದರೆ ಸುಮ್ಸುಮ್ನೆ ಒತ್ತುವ ಹಾಗಿಲ್ಲ.

ಸಂಚಾರ ಬಲಬದಿಗೆ, ಸ್ಟೇರಿಂಗ್ ಎಡಕ್ಕೆ. ಗೇರ್ ಬದಲಿಸಲು ಎಡಗೈ ಚಾಚಿದರೆ ಸಿಗುವುದು ಬಾಗಿಲು! ಹಗಲಲ್ಲೂ ಲೈಟ್ ಹಾಕಿರಬೇಕು. ಹೆದ್ದಾರಿಗೆ 40 ಫ್ರಾಂಕ್ ಕೊಟ್ಟು ವಿನ್ಯೆಟ್ ಅನ್ನುವ ಟೋಲ್ ಪಾಸು ಕೊಳ್ಳಬೇಕು. ಅದಿಲ್ಲದೆ ಸಿಕ್ಕಿಬಿದ್ದರೆ ದಂಡ 200 ಫ್ರಾಂಕ್. ಇಷ್ಟೆಲ್ಲ ಎರಡು ದಿನದಲ್ಲಿ ರೂಢಿಯಾಗುತ್ತದೆ ಬಿಡಿ.

ನಿಜವಾದ ಪರೀಕ್ಷೆ ಬೆಟ್ಟದಲ್ಲಿ. ಕೆಲವು ಕಿರಿದಾದ ರಸ್ತೆಗಳ ಶುರುವಿನಲ್ಲೇ ಒಂದು ನೀಲಿ ಫಲಕ, ಅದರಲ್ಲಿ ಹಳದಿ ಕೊಂಬಿನ ಚಿತ್ರ. ಅದು ಅಂಚೆ ಬಸ್ಸಿನ, ಅಂದರೆ ಅಲ್ಲಿನ ಅಂಚೆಯವರು ಜನರಿಗಾಗಿ ಓಡಿಸುವ ಹಳದಿ ಬಸ್ಸಿನ, ದಾರಿ ಅಂತ ಅರ್ಥ. ಅಲ್ಲಿ ಬಸ್ ಚಾಲಕ ಹೇಳಿದ್ದನ್ನು ಉಳಿದ ವಾಹನದವರು ಕೇಳಲೇಬೇಕು. ಕಾನೂನೇ ಹಾಗಿದೆ.

ವಾಲೆ ಪ್ರಾಂತ್ಯದ ಅಂಥದೇ ಒಂದು ರಸ್ತೆಯಲ್ಲಿ ನಾನು ಮೇಲೆ ಹತ್ತುತ್ತಿದ್ದೆ. ತಿರುವಿನ ಆಚೆಯಿಂದ ಮೂರು ಸ್ವರ ಕೇಳಿಸಿತು. ಸಂಗೀತಗಾರ ರೊಸ್ಸಿನಿಯ ವಿಲಿಯಂ ಟೆಲ್ ಅನ್ನುವ ಒಪೆರಾದಿಂದ, ಅಂದರೆ ಸಂಗೀತ ನಾಟಕದಿಂದ, ತೆಗೆದ ಸ್ವರಗಳವು. ಯಾರೋ ರೇಡಿಯೋ ಹಾಕಿದ್ದಾರೆ ಅಂದುಕೊಂಡೆ. ಅಷ್ಟರಲ್ಲಿ ರಸ್ತೆಯ ಅಗಲಕ್ಕೂ ತುಂಬಿಕೊಂಡು ಹಳದಿ ಅಂಚೆ ಬಸ್ಸು ಬಂದು ನಿಂತಿತು. ಆ ಸ್ವರ ಅದರ ಹಾರ್ನಿನದು.

ಸಾಮಾನ್ಯವಾಗಿ ಹತ್ತುವವರಿಗೆ ಇಳಿಯುವವರು ದಾರಿ ಬಿಡಬೇಕು. ನಮ್ಮ ಘಾಟಿಯಲ್ಲೂ ಅದೇ ಅಲ್ವಾ? ಆದರೆ ಎದುರಿಗೆ ಅಂಚೆ ಬಸ್ಸು ಇದ್ದರೆ ಲೆಕ್ಕ ಬೇರೆ. ಚಾಲಕ ಎರಡು ಬೆರಳಲ್ಲಿ ಹಿಂದಕ್ಕೆ ಹೋಗು ಅಂತ ಸನ್ನೆ ಮಾಡಿದ. ಸಿಟ್ಟಿಲ್ಲ, ಅವಸರವೂ ಇಲ್ಲ. ಹೆಂಡತಿ ಕೆಳಗಿಳಿದು "ಬಾ, ಬಾ" ಅಂದಳು. ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಕಣಿವೆ. ಅಗಲದ ಜಾಗ ಸಿಗುವವರೆಗೆ ರಿವರ್ಸ್ ಹೋದೆ. ಕನ್ನಡಿ ಮಡಚಿದೆ. ಬಸ್ಸು ಅಂಗೈ ಅಗಲದ ಸಂದಿನಲ್ಲಿ ಜಾರಿಕೊಂಡು ಹೋಯಿತು. ಕಿಟಕಿ ಪಕ್ಕ ಕೂತಿದ್ದ ಅಜ್ಜಿ ಸಂತೆಯ ಚೀಲ ಹಿಡಿದುಕೊಂಡು ತೂಕಡಿಸುತ್ತಿದ್ದಳು.

ಇಷ್ಟು ಕೇಳಿ ನಿಮಗೆ ಭಯವಾದರೆ ಅದಕ್ಕೂ ಉಪಾಯ ಇದೆ. 2,429 ಮೀಟರ್ ಎತ್ತರದ ಫುರ್ಕಾ ಘಾಟಿ ಚಳಿಗಾಲದಲ್ಲಿ ಹಿಮ ಬಿದ್ದು ಮುಚ್ಚಿರುತ್ತದೆ. ಆಗ ಕಾರನ್ನೇ ರೈಲಿಗೆ ಹತ್ತಿಸಿ, 15 ಕಿಲೋಮೀಟರ್ ಸುರಂಗದಲ್ಲಿ ಆಚೆ ದಾಟಿಸುತ್ತಾರೆ. ಹ್ಯಾಂಡ್ ಬ್ರೇಕ್ ಎಳೆದು ಕಾರಿನಲ್ಲೇ ಕೂತಿರಬಹುದು. ಸ್ಟೇರಿಂಗೂ ಬೇಡ, ಹಾರ್ನೂ ಬೇಡ.

ನಮಸ್ಕಾರ.