ಬೆಂಕಿ ಬಿಡಿ, ಪೊರಕೆ ನೋಡಿ

ಬರ್ನಿಂಗ್ ಮ್ಯಾನ್ ಎಂಬ ವಾರ್ಷಿಕ ಜಾತ್ರೆ ಎಂದರೆ ಎಲ್ಲರೂ ತೋರಿಸುವುದು ಒಂದೇ ದೃಶ್ಯ: ಅಮೆರಿಕದ ನೆವಾಡಾ, ಬ್ಲ್ಯಾಕ್ ರಾಕ್ ಮರುಭೂಮಿ, ಧಗಧಗಿಸುವ ಮರದ ಮನುಷ್ಯ. ಕಾಮದಹನ ನೋಡಿ ಬೆಳೆದ ನನಗೆ ಆ ಬೆಂಕಿಯಲ್ಲಿ ಅಂಥ ಬೆರಗೇನೂ ಕಾಣುವುದಿಲ್ಲ. 1986ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕಡಲ ತೀರದಲ್ಲಿ ಲ್ಯಾರಿ ಹಾರ್ವಿ ಮತ್ತು ಜೆರ್ರಿ ಜೇಮ್ಸ್ ಎಂಟಡಿಯ ಬೊಂಬೆ ಸುಟ್ಟರು. 1990ರಲ್ಲಿ ಆ ಆಚರಣೆ ಮರುಭೂಮಿಗೆ ಹೋಯಿತು. ಈಗ ಅಲ್ಲಿ ಬೇಸಿಗೆಯ ಕೊನೆಗೆ 70,000 ಜನರ ಊರೇ ಎದ್ದು, ವಾರ ಕಳೆದರೆ ಮಾಯವಾಗುತ್ತದೆ.

ಒಳಗೆ ವ್ಯಾಪಾರವಿಲ್ಲ. ಸಂಘಟಕರು ಮಂಜುಗಡ್ಡೆ ಮಾರುತ್ತಾರೆ. ಉಳಿದಂತೆ ಊಟ, ಪಾನಕ, ಸೈಕಲ್ ರಿಪೇರಿ ಎಲ್ಲವೂ ಕೊಡುಗೆ. ಕೇಳಲು ಚೆನ್ನ. ಆದರೆ 2023ರಲ್ಲಿ ಮುಖ್ಯ ಟಿಕೆಟ್ ಬೆಲೆಯೇ 575 ಡಾಲರ್. ಅಷ್ಟು ತೆತ್ತು ಒಳಹೊಕ್ಕು ‘ನಮಗೆ ದುಡ್ಡಿನ ಹಂಗಿಲ್ಲ’ ಎನ್ನುವುದು ಉಳ್ಳವರ ವೈರಾಗ್ಯ. ಸಂಬಳದ ಅಡುಗೆಯವರನ್ನು ಕರೆತರುವ ಐಷಾರಾಮಿ ಬಿಡಾರಗಳ ಕಾಟವೂ ಇದೆ. 2019ರಲ್ಲಿ ಸಂಘಟಕರೇ ಅಂಥದ್ದೊಂದಕ್ಕೆ ಮರಳಿ ಬರಬೇಡಿ ಎಂದರು.

ನಾನು ಮೆಚ್ಚುವುದು ಜಾತ್ರೆ ಮುಗಿದ ಮೇಲಿನ ಕೆಲಸವನ್ನು. ಅಲ್ಲಿ ಸಾರ್ವಜನಿಕ ಕಸದ ತೊಟ್ಟಿಯೇ ಇಲ್ಲ, ತಂದದ್ದನ್ನೆಲ್ಲ ಹೊತ್ತೊಯ್ಯಬೇಕು. ಜನ ಹೋದ ನಂತರ ಒಂದು ತಂಡ ವಾರಗಟ್ಟಲೆ ಉಳಿಯುತ್ತದೆ. ಸಾಲಾಗಿ ನಿಂತು, ತಲೆ ತಗ್ಗಿಸಿ, ಕ್ಷಾರದ ಬಿಳಿ ಧೂಳಿನಲ್ಲಿ ಹೆಜ್ಜೆ ಹೆಜ್ಜೆಗೂ ಬಗ್ಗುತ್ತದೆ. ಬಟ್ಟೆಯಿಂದ ಉದುರಿದ ಚಮಕಿ, ಒಂದು ಸ್ಕ್ರೂ, ಸಿಗರೇಟಿನ ತುಂಡು, ಮರದ ಚಕ್ಕೆ, ಎಲ್ಲವನ್ನೂ ಹೆಕ್ಕುತ್ತಾರೆ. ಸರ್ಕಾರದ ಭೂ ಇಲಾಖೆಯ ಪರೀಕ್ಷೆ ಕಠಿಣ: ಉಳಿದ ಕಸ ಎಕರೆಗೆ ಸರಾಸರಿ ಒಂದು ಚದರ ಅಡಿ ಮೀರಬಾರದು. ಯಾವ ಬಿಡಾರ ಎಷ್ಟು ಗಲೀಜು ಮಾಡಿತೆಂದು ನಕ್ಷೆಯಲ್ಲಿ ಹಸಿರು, ಹಳದಿ, ಕೆಂಪು ಬಳಿದು ಊರಿಗೆಲ್ಲ ತೋರಿಸುತ್ತಾರೆ. ಕೆಂಪು ಬಿದ್ದವರಿಗೆ ಮುಂದಿನ ವರ್ಷ ಜಾಗ ಸಿಗುವುದೇ ಕಷ್ಟ. ಬರ್ನಿಂಗ್ ಮ್ಯಾನ್ ಸಾರುವ ಹತ್ತು ತತ್ತ್ವಗಳ ಉಪದೇಶಕ್ಕಿಂತ ಈ ನಾಚಿಕೆಯ ನಕ್ಷೆಗೇ ಹೆಚ್ಚು ಬಲವಿದೆ ಎಂದು ನನ್ನ ಅನಿಸಿಕೆ.

ನನ್ನ ತಕರಾರು ಇರುವುದು ಬೇಲಿಯ ಹೊರಗೆ. ರೀನೊ ನಗರದ ಕಡೆಗೆ ಮರಳುವ ರಸ್ತೆ ಪಿರಮಿಡ್ ಲೇಕ್ ಪಾಯೂಟ್ ಬುಡಕಟ್ಟಿನವರ ನೆಲವನ್ನು ಹಾದುಹೋಗುತ್ತದೆ. ಮರುಭೂಮಿಯಲ್ಲಿ ಚಮಕಿ ಹೆಕ್ಕಿದವರ ಪೈಕಿಯೇ ಕೆಲವರು ದಾರಿಬದಿಯಲ್ಲಿ ಕಸದ ಚೀಲ ಎಸೆದು ಹೋಗುತ್ತಾರೆ. ಸಂಘಟಕರು ರಸ್ತೆಗೂ ಸ್ವಚ್ಛತಾ ತಂಡ ಕಳಿಸುತ್ತಾರೆ, ನಿಜ. ಆದರೆ ಚೀಲ ಎಸೆದವರ ಬಿಡಾರಕ್ಕೆ ನಕ್ಷೆಯಲ್ಲಿ ಹಸಿರೇ ಇರುತ್ತದೆ.