ಬಟ್ಟೆ ವ್ಯಾಪಾರಿ ಕಂಡ ಪುಟಾಣಿ ಜೀವಿಗಳು

ಮಕ್ಕಳೇ, ನಮಸ್ಕಾರ. ಕಾಳುಮೆಣಸು ಕಚ್ಚಿದರೆ ನಾಲಿಗೆ ಚುರ್ ಅನ್ನುತ್ತದೆ, ಅಲ್ವಾ? ಯಾಕೆ? ಹಾಲೆಂಡಿನ ಡೆಲ್ಫ್ಟ್ ಊರಿನಲ್ಲಿ ಒಬ್ಬರಿಗೆ ಈ ಪ್ರಶ್ನೆ ತಲೆ ತಿನ್ನುತ್ತಿತ್ತು. ಅವರ ಹೆಸರು ಆಂಟನಿ ವಾನ್ ಲ್ಯೂವೆನ್‌ಹಾಕ್. ಹುಟ್ಟಿದ್ದು 1632ರಲ್ಲಿ. ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ, ಬಟ್ಟೆ ವ್ಯಾಪಾರಿ. ಆಗಿನ ವ್ಯಾಪಾರಿಗಳು ನೂಲಿನ ಗುಣ ನೋಡಲು ಭೂತಗನ್ನಡಿ ಇಟ್ಟುಕೊಳ್ಳುತ್ತಿದ್ದರು. ಇವರಿಗೆ ಅಷ್ಟು ಸಾಲಲಿಲ್ಲ. ತಾವೇ ಮಸೂರ ಮಾಡಲು ಕೂತರು.

ಅವರ ಸೂಕ್ಷ್ಮದರ್ಶಕ ನೋಡಿದರೆ ನೀವು ನಗ್ತೀರಿ. ಅಂಗೈಯಲ್ಲಿ ಮುಚ್ಚಿಡಬಹುದಾದ ಲೋಹದ ತಗಡು. ಅದರಲ್ಲೊಂದು ತೂತು, ತೂತಿನಲ್ಲಿ ಸಾಸಿವೆ ಕಾಳಿನಂಥ ಒಂದೇ ಒಂದು ಮಸೂರ. ನೋಡಬೇಕಾದ್ದನ್ನು ಸೂಜಿಯ ತುದಿಗೆ ಅಂಟಿಸಿ, ತಿರುಪು ತಿರುಗಿಸುತ್ತಾ, ಕಣ್ಣಿಗೆ ತೀರಾ ಹತ್ತಿರ ಹಿಡಿಯಬೇಕು. ಇಂದಿಗೂ ಉಳಿದಿರುವ ಒಂದು ಸುಮಾರು 270 ಪಟ್ಟು ದೊಡ್ಡದಾಗಿ ತೋರಿಸುತ್ತದೆ!

ಮೆಣಸಿನಲ್ಲಿ ಸಣ್ಣ ಮುಳ್ಳುಗಳಿರಬೇಕು, ಅವೇ ನಾಲಿಗೆಗೆ ಚುಚ್ಚುತ್ತವೆ ಅಂತ ಅವರ ಅಂದಾಜು. ಇದು ತಪ್ಪು, ಖಾರಕ್ಕೆ ಕಾರಣ ಪೈಪರಿನ್ ಎಂಬ ರಾಸಾಯನಿಕ. ಅದಿರಲಿ. 1676ರಲ್ಲಿ ಮೆಣಸನ್ನು ಮೂರು ವಾರ ನೀರಿನಲ್ಲಿ ನೆನೆಹಾಕಿ ನೋಡಿದರು. ಮುಳ್ಳು ಸಿಗಲಿಲ್ಲ. ಆದರೆ ಆ ನೀರಿನ ತುಂಬಾ ಏನೇನೋ ಓಡಾಡುತ್ತಿದ್ದವು! ಅವುಗಳಲ್ಲಿ ತೀರಾ ಚಿಕ್ಕವನ್ನು ನಾವೀಗ ಬ್ಯಾಕ್ಟೀರಿಯಾ ಅನ್ನುತ್ತೇವೆ.

ಲಂಡನ್ನಿನಲ್ಲಿ ರಾಯಲ್ ಸೊಸೈಟಿ ಎಂಬ ವಿಜ್ಞಾನಿಗಳ ಸಂಘವಿತ್ತು. ಅದಕ್ಕೆ ತಮ್ಮ ಡಚ್ ಭಾಷೆಯಲ್ಲಿ ಕಾಗದ ಬರೆದರು. ಆಗಿನ ವಿದ್ವಾಂಸರ ಭಾಷೆಯಾಗಿದ್ದ ಲ್ಯಾಟಿನ್ ಅವರಿಗೆ ಬರುತ್ತಿರಲಿಲ್ಲ. ಅಲ್ಲಿನ ವಿದ್ವಾಂಸರು ಸುಲಭಕ್ಕೆ ನಂಬುತ್ತಾರೆಯೇ? ಇವರು ಪಾದ್ರಿಗಳೂ ಸೇರಿದಂತೆ ಹಲವರಿಗೆ ತೋರಿಸಿ ಸಾಕ್ಷಿ ಬರೆಸಿ ಕಳಿಸಿದರು. ಕೊನೆಗೆ 1677ರಲ್ಲಿ ರಾಬರ್ಟ್ ಹುಕ್ ಎಂಬ ವಿಜ್ಞಾನಿ ತಾವೇ ಮೆಣಸು ನೆನೆಹಾಕಿ ನೋಡಿ, ಹೌದು ಅಂದರು.

ನನಗೆ ತುಂಬಾ ಇಷ್ಟವಾದದ್ದು ಹಲ್ಲಿನ ಕಥೆ. ಲ್ಯೂವೆನ್‌ಹಾಕ್ ದಿನಾ ಬೆಳಿಗ್ಗೆ ಉಪ್ಪಿನಲ್ಲಿ ಹಲ್ಲುಜ್ಜುತ್ತಿದ್ದರು, ನಮ್ಮ ಅಜ್ಜಂದಿರ ಹಾಗೆ. ಆದರೂ ಸಂದಿಯಲ್ಲಿ ಬೆಳ್ಳನೆಯ ಕೊಳೆ ಉಳಿಯುತ್ತಿತ್ತು. ಅದನ್ನು ಕೆರೆದು ನೋಡಿದರೆ ಅಲ್ಲೂ ಜೀವಿಗಳು! ಕೆಲವು ಸರ್ರನೆ ಹಾಯುತ್ತಿದ್ದವು, ಕೆಲವು ಗಿರಗಿರ ತಿರುಗುತ್ತಿದ್ದವು. ಹುಟ್ಟಿದಂದಿನಿಂದ ಹಲ್ಲೇ ಉಜ್ಜದ ಒಬ್ಬ ಮುದುಕನನ್ನೂ ಹುಡುಕಿ ಅವನ ಹಲ್ಲು ಕೆರೆದರು. ಅಲ್ಲಂತೂ ಜಾತ್ರೆಯೇ ನೆರೆದಿತ್ತು. ಇನ್ನೊಂದು ಸಲ ತಮ್ಮ ಮುಂದಿನ ಹಲ್ಲುಗಳಲ್ಲಿ ಯಾವ ಜೀವಿಯೂ ಅಲ್ಲಾಡುತ್ತಿರಲಿಲ್ಲ. ಬೆಳಿಗ್ಗೆ ಕುಡಿದ ಬಿಸಿ ಕಾಫಿಯೇ ಕಾರಣ ಅಂತ ಪತ್ತೆ ಮಾಡಿದರು!

1723ರಲ್ಲಿ, 90 ವರ್ಷದವರಾಗಿ ತೀರಿಕೊಂಡರು. ಒಳ್ಳೆಯ ಮಸೂರ ಮಾಡುವ ಗುಟ್ಟನ್ನು ಮಾತ್ರ ಯಾರಿಗೂ ಬಿಟ್ಟುಕೊಡಲಿಲ್ಲ. 2021ರಲ್ಲಿ ವಿಜ್ಞಾನಿಗಳು ಆ 270 ಪಟ್ಟಿನ ಸೂಕ್ಷ್ಮದರ್ಶಕವನ್ನು ಬಿಚ್ಚದೆಯೇ, ನ್ಯೂಟ್ರಾನ್ ಎಂಬ ಅತಿ ಸಣ್ಣ ಕಣಗಳನ್ನು ಹಾಯಿಸಿ ಒಳಗೆ ಇಣುಕಿದರು. ಮಸೂರ ಉಜ್ಜಿ ಮಾಡಿದ್ದಲ್ಲ, ಗಾಜಿನ ಎಳೆ ಕರಗಿಸಿ ಮಾಡಿದ ಗೋಲಿ. ಹಾಗೆ ಮಾಡುವ ವಿಧಾನವನ್ನು ಮೊದಲೇ ಬರೆದಿಟ್ಟಿದ್ದವರು ಬೇರಾರೂ ಅಲ್ಲ, ಅದೇ ರಾಬರ್ಟ್ ಹುಕ್!