ತಾನಾಗಿ ಡಯಲ್ ಮಾಡುವ ಗೇಟ್‌ವೇ: ಮೊದಲ ಪ್ಯಾಕೆಟ್ ಯಾರದು?

ಕೇಳುಗರಿಗೆ ನಮಸ್ಕಾರ.

ಯಾವ ಕಂಪ್ಯೂಟರಿನ ಮುಂದೆಯೂ ಯಾರೂ ಕೂತಿಲ್ಲ. ಆದರೂ ಮೂಲೆಯಲ್ಲಿಟ್ಟ ಗೇಟ್‌ವೇಯ, ಅಂದರೆ ಎಲ್ಲ ಯಂತ್ರಗಳನ್ನೂ ಫೋನ್ ಲೈನಿನ ಮೂಲಕ ಹೊರಗೆ ಸೇರಿಸುವ ಕಂಪ್ಯೂಟರಿನ, ಮೋಡೆಮ್ ನಂಬರ್ ಒತ್ತಿ, ಕೀರಲು ದನಿ ಎಬ್ಬಿಸಿ, ಇಂಟರ್ನೆಟ್ಟಿಗೆ ಸೇರಿಕೊಳ್ಳುತ್ತದೆ. ಐದು ನಿಮಿಷಕ್ಕೆ ಲೈನ್ ಬಿಡುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ಹಿಡಿಯುತ್ತದೆ. ಪ್ರತಿ ಕರೆಗೂ ದುಡ್ಡು ತೆರಬೇಕು, ಫೋನೂ ಸಿಗುವುದಿಲ್ಲ. ಇದು ಮೋಡೆಮಿನ ದೋಷವಲ್ಲ. ಬೇಕಾದಾಗ ತಾನೇ ಡಯಲ್ ಮಾಡುವಂತೆ ಹೊಂದಿಸಿದ ಗೇಟ್‌ವೇಗೆ ಹೊರಗೆ ಹೋಗಬೇಕಾದ ಒಂದೇ ಒಂದು ಪ್ಯಾಕೆಟ್, ಅಂದರೆ ಮಾಹಿತಿಯ ಒಂದು ತುಣುಕು, ಬಂದರೂ ಸಾಕು, ಲೈನ್ ಏಳುತ್ತದೆ. ಆ ಮೊದಲ ಪ್ಯಾಕೆಟ್ ಯಾರು ಕಳಿಸಿದ್ದು ಎಂದು ಗೊತ್ತಾದರೆ ಮುಕ್ಕಾಲು ಕೆಲಸ ಮುಗಿದಂತೆ. ಅದನ್ನು ನೋಡದೆ ಪ್ಯಾಕೆಟ್ ತಡೆಯುವ ಫೈರ್‌ವಾಲ್ ನಿಯಮಗಳನ್ನು ಪೇರಿಸುತ್ತ ಹೋದರೆ ಬೇಕಾದದ್ದು ನಿಲ್ಲುತ್ತದೆ, ಬೇಡದ್ದು ನಿಲ್ಲುವುದಿಲ್ಲ.

ಲಿನಕ್ಸ್ ಗೇಟ್‌ವೇ, ಅದರಲ್ಲಿ ಡಯಲ್ ಸಂಪರ್ಕ ನೋಡಿಕೊಳ್ಳುವ ಪಿಪಿಪಿಡಿ, ಅದರ ಹಿಂದೆ ನಾಲ್ಕಾರು ವಿಂಡೋಸ್ ಯಂತ್ರಗಳು ಎಂದಿಟ್ಟುಕೊಳ್ಳೋಣ. ಮೊದಲು ಗೇಟ್‌ವೇಯಿಂದ ಒಳಜಾಲದ ಕೇಬಲ್ ಕಿತ್ತು ಒಂದೆರಡು ಗಂಟೆ ಬಿಡಿ. ಆಗಲೂ ಡಯಲ್ ಆದರೆ ತಪ್ಪು ಗೇಟ್‌ವೇಯದೇ. ಆಗದಿದ್ದರೆ ಕೇಬಲ್ ಮತ್ತೆ ಸಿಕ್ಕಿಸಿ, ಗೇಟ್‌ವೇಯಲ್ಲಿ ಹಾದುಹೋಗುವ ಪ್ಯಾಕೆಟ್‌ಗಳನ್ನು ತೋರಿಸುವ ಟಿಸಿಪಿಡಂಪ್ ಓಡಿಸಿ, ಡಯಲ್ ಲೈನಿನ ಪಿಪಿಪಿ ಸೊನ್ನೆ ಇಂಟರ್‌ಫೇಸನ್ನು ಗಮನಿಸಿ. ಅಡ್ಡಗೆರೆ ಎನ್ ಎಂಬ ಆಯ್ಕೆಯನ್ನು ಮಾತ್ರ ಮರೆಯಬೇಡಿ. ಅದಿಲ್ಲದಿದ್ದರೆ ಟಿಸಿಪಿಡಂಪ್ ತಾನು ಕಂಡ ಪ್ರತಿ ವಿಳಾಸದ ಹೆಸರು ಹುಡುಕಲು ಹೊರಡುತ್ತದೆ, ಆ ಹುಡುಕಾಟವೇ ಡಯಲ್ ಮಾಡಿಸುತ್ತದೆ. ಪಿಪಿಪಿಡಿ ತನ್ನ ಲಾಗ್‌ನಲ್ಲಿ ‘ಸ್ಟಾರ್ಟಿಂಗ್ ಲಿಂಕ್’ ಎಂದು ಬರೆದ ಹೊತ್ತನ್ನೂ ಪ್ಯಾಕೆಟ್ಟಿನ ಹೊತ್ತನ್ನೂ ತಾಳೆ ನೋಡಿ.

ಹೆಚ್ಚಿನ ಸಲ ಸಿಗುವುದು ಹೀಗೊಂದು ಸಾಲು: 137ನೇ ಪೋರ್ಟಿನಿಂದ ಹೊರಟು, ಹೆಸರಿಗೆ ವಿಳಾಸ ಹೇಳುವ ನಿಮ್ಮ ಸೇವಾದಾರರ ಡಿಎನ್ಎಸ್ ಸರ್ವರಿನ 53ನೇ ಪೋರ್ಟಿಗೆ ಯುಡಿಪಿ ಎಂಬ ಬಗೆಯ ಪ್ಯಾಕೆಟ್. ಪೋರ್ಟ್ ಎಂದರೆ ಯಂತ್ರದ ಒಂದೊಂದು ಸೇವೆಯ ಬಾಗಿಲ ಸಂಖ್ಯೆ. 53 ಎಂದರೆ ಹೆಸರಿನ ವಿಚಾರಣೆ. 137 ಒಳಜಾಲದ ಯಂತ್ರಗಳ ಹೆಸರು ಹುಡುಕುವ ವಿಂಡೋಸಿನ ನೆಟ್‌ಬಯಾಸ್ ಹೆಸರು ಸೇವೆಯದು. ಅಂದರೆ ಪಕ್ಕದ ಕೋಣೆಯ ಯಂತ್ರದ ಹೆಸರನ್ನೋ ವರ್ಕ್‌ಗ್ರೂಪಿನ ಹೆಸರನ್ನೋ ವಿಂಡೋಸ್ ಹೊರಜಗತ್ತಿನ ಸರ್ವರನ್ನು ಕೇಳುತ್ತಿದೆ. ಅಲ್ಲಿ ಉತ್ತರ ಇರಲು ಸಾಧ್ಯವೇ ಇಲ್ಲ, ಹಾಗಾಗಿ ಮತ್ತೆ ಮತ್ತೆ ಕೇಳುತ್ತದೆ. ಬಹಳ ಮಂದಿ ಎಡವುವುದು ಇಲ್ಲೇ. 137ರಿಂದ 139ರವರೆಗಿನ ಪೋರ್ಟಿಗೆ ಹೋಗುವ ಪ್ಯಾಕೆಟ್‌ಗಳನ್ನು ತಡೆದು ಆಯಿತೆಂದುಕೊಳ್ಳುತ್ತಾರೆ. ಈ ಪ್ಯಾಕೆಟ್ ಹೋಗುತ್ತಿರುವುದು 53ಕ್ಕೆ, 137 ಅದು ಹೊರಟ ಪೋರ್ಟು. ಲಿನಕ್ಸಿನ ಫೈರ್‌ವಾಲ್ ಆದ ಐಪಿಟೇಬಲ್ಸಿನಲ್ಲಿ, ಗೇಟ್‌ವೇ ದಾಟಿಹೋಗುವ ಪ್ಯಾಕೆಟ್‌ಗಳ ಫಾರ್ವರ್ಡ್ ಸರಪಳಿಯಲ್ಲಿ, ಹೊರಡುವ ಪೋರ್ಟನ್ನೂ ತಡೆಯಬೇಕು. ಒಳಗಿನ ಯಂತ್ರಗಳು ಗೇಟ್‌ವೇಯನ್ನೇ ಡಿಎನ್ಎಸ್ ಆಗಿ ಬಳಸುತ್ತಿದ್ದರೆ ಪ್ರಶ್ನೆ ಫಾರ್ವರ್ಡ್ ಆಗುವುದೇ ಇಲ್ಲ, ಗೇಟ್‌ವೇ ತನ್ನ ಹೆಸರಿನಲ್ಲಿ ಹೊರಗೆ ಕೇಳುತ್ತದೆ. ಆಗ ಆ ತಡೆಯನ್ನು ಗೇಟ್‌ವೇಗೇ ಬರುವ ಪ್ಯಾಕೆಟ್‌ಗಳ ಇನ್‌ಪುಟ್ ಸರಪಳಿಯಲ್ಲಿ ಹಾಕಬೇಕು.

ತಡೆಯುವುದಕ್ಕಿಂತ ಮನೆಯೊಳಗೇ ಉತ್ತರ ಕೊಡುವುದು ಎಷ್ಟೋ ಮೇಲು. ಗೇಟ್‌ವೇಯಲ್ಲಿ ಡಿಎನ್ಎಸ್‌ಮಾಸ್ಕ್ ಎಂಬ ಚಿಕ್ಕ ಡಿಎನ್ಎಸ್ ಸರ್ವರ್ ಹಾಕಿ, ಎಲ್ಲ ಯಂತ್ರಗಳ ಹೆಸರು ಮತ್ತು ವಿಳಾಸವನ್ನು ಹೋಸ್ಟ್ಸ್ ಕಡತದಲ್ಲಿ ಬರೆಯಿರಿ. ಅದರ ಸಂರಚನೆಯಲ್ಲಿ ಎರಡು ಸಾಲು ಸೇರಿಸಿ. ‘ಡೊಮೇನ್-ನೀಡೆಡ್’ ಎಂದರೆ ಚುಕ್ಕಿಯಿಲ್ಲದ ಒಂಟಿ ಹೆಸರು ಹೊರಗೆ ಹೋಗುವುದಿಲ್ಲ. ‘ಬೋಗಸ್-ಪ್ರಿವ್’ ಎಂದರೆ 192.168ರಂಥ ಖಾಸಗಿ ವಿಳಾಸಕ್ಕೆ ಹೆಸರು ಕೇಳುವ ಪ್ರಶ್ನೆಯೂ ಹೊರಗೆ ಹೋಗುವುದಿಲ್ಲ. ಗೇಟ್‌ವೇಗೆ ಲಾಗಿನ್ ಆದ ಕೂಡಲೇ ಡಯಲ್ ಆಗುವ ತೊಂದರೆಗೆ ಕಾರಣ ಸಾಮಾನ್ಯವಾಗಿ ಈ ಎರಡನೆಯ ಬಗೆಯ ಪ್ರಶ್ನೆಯೇ.

ಕೇಬಲ್ ಕಿತ್ತಾಗಲೂ ಡಯಲ್ ಆಗುತ್ತಿತ್ತೇ? ಹಾಗಿದ್ದರೆ ಗಡಿಯಾರ ನೋಡಿ. ಗಂಟೆಗೊಮ್ಮೆ ಸರಿಯಾಗಿ ಆದರೆ ನಿಗದಿತ ಹೊತ್ತಿಗೆ ತಾನಾಗಿ ಓಡುವ ಕ್ರಾನ್ ಕೆಲಸಗಳನ್ನೂ ಇಮೇಲ್ ಕಳಿಸುವ ಸೆಂಡ್‌ಮೇಲ್ ಸರದಿಯನ್ನೂ ತಪಾಸಣೆ ಮಾಡಿ. ಸಮಯ ಹೊಂದಿಸುವ ಎನ್‌ಟಿಪಿಡಿ ಸಾಮಾನ್ಯವಾಗಿ 64ರಿಂದ 1024 ಸೆಕೆಂಡಿಗೊಮ್ಮೆ 123ನೇ ಪೋರ್ಟಿಗೆ ಪ್ಯಾಕೆಟ್ ಕಳಿಸುತ್ತದೆ. ಡಯಲಪ್ ಗೇಟ್‌ವೇಯಲ್ಲಿ ಅದು ಬೇಡ. ಲೈನ್ ಎದ್ದಾಗ ಓಡುವ ಐಪಿ-ಅಪ್ ಸ್ಕ್ರಿಪ್ಟಿನಲ್ಲಿ, ಒಮ್ಮೆ ಮಾತ್ರ ಸಮಯ ಹೊಂದಿಸುವ ಎನ್‌ಟಿಪಿಡೇಟನ್ನು ಕರೆದರೆ, ಲೈನ್ ಹೇಗೂ ಎದ್ದಾಗ ಗಡಿಯಾರ ಸರಿಹೋಗುತ್ತದೆ. ಮೇಲ್ ಸರದಿಯನ್ನೂ ಅಲ್ಲಿಂದಲೇ ಓಡಿಸಿ.

ಇನ್ನೊಂದು ಕಾಟವಿದೆ: ಲೈನ್ ಬಿಟ್ಟ ಮರುಕ್ಷಣವೇ ಮತ್ತೆ ಡಯಲ್. ಬ್ರೌಸರ್ ಮುಚ್ಚಿರದ ಹಳೆಯ ಟಿಸಿಪಿ ಸಂಪರ್ಕಗಳು ಬಾಕಿ ಪ್ಯಾಕೆಟ್‌ಗಳನ್ನು ಮತ್ತೆ ಕಳಿಸುತ್ತಿರುತ್ತವೆ. ಪ್ರತಿ ಸಲವೂ ಹೊಸ ವಿಳಾಸ ಸಿಗುವ ಲೈನಿನಲ್ಲಿ ಅವಕ್ಕೆ ಸರಿಯಾದ ಉತ್ತರ ಬರುವುದಿಲ್ಲ. ಇದರ ಜೊತೆಗೆ ಹೊರಗಿನಿಂದ ಯಾರೋ ಪೋರ್ಟ್ ತಟ್ಟಿ ನೋಡುವ ಪ್ಯಾಕೆಟ್‌ಗಳೂ ಸೇರಿದರೆ, 300 ಸೆಕೆಂಡು ಸುಮ್ಮನಿದ್ದರೆ ಲೈನ್ ಬಿಡಲು ‘ಐಡಲ್ 300’ ಎಂದು ಬರೆದಿದ್ದರೂ ಐದು ನಿಮಿಷದ ಲೆಕ್ಕ ಪ್ರತಿ ಬಾರಿಯೂ ಸೊನ್ನೆಯಿಂದ ಶುರುವಾಗುತ್ತದೆ. ಪಿಪಿಪಿಡಿಯ ‘ಆ್ಯಕ್ಟಿವ್-ಫಿಲ್ಟರ್’ ಆಯ್ಕೆಯಲ್ಲಿ ಹೊರಹೋಗುವ ಪ್ಯಾಕೆಟ್‌ಗಳನ್ನು ಮಾತ್ರ ಲೆಕ್ಕಕ್ಕಿಡಿ, ಅವುಗಳಲ್ಲೂ ಸಂಪರ್ಕ ಕಡಿಯುವ ಆರ್‌ಎಸ್‌ಟಿ ಗುರುತಿನವನ್ನು ಲೆಕ್ಕದಿಂದ ಬಿಡಿ. ಲಿನಕ್ಸಿನ ತಿರುಳಾದ ಕರ್ನೆಲ್‌ನಲ್ಲಿ ಪಿಪಿಪಿ ಫಿಲ್ಟರಿಂಗ್ ಸೇರಿಸಿರದಿದ್ದರೆ ಈ ಆಯ್ಕೆ ಕೆಲಸ ಮಾಡದು.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ರಾತ್ರಿ ಟಿಸಿಪಿಡಂಪ್‌ಗೆ ಅಡ್ಡಗೆರೆ ಡಬ್ಲ್ಯು ಕೊಟ್ಟು, ಕಂಡದ್ದನ್ನೆಲ್ಲ ಕಡತಕ್ಕೆ ಬರೆಯಲು ಬಿಟ್ಟು ಮಲಗಿ. ಬೆಳಿಗ್ಗೆ ಆ ಕಡತವನ್ನು ಟಿಸಿಪಿಡಂಪ್‌ಗೇ ಅಡ್ಡಗೆರೆ ಆರ್, ಅಡ್ಡಗೆರೆ ಎನ್ ಕೊಟ್ಟು ಓದಿಸಿ; ಏನಾದರೂ ಇದ್ದರೆ, ಮೊದಲ ಸಾಲಿನಲ್ಲಿ ಯಾವ ವಿಳಾಸ, ಯಾವ ಪೋರ್ಟು ಇದೆ ನೋಡಿ. ಮುಂದಿನ ಬದಲಾವಣೆ ಅದಕ್ಕೆ.

ನಮಸ್ಕಾರ.